ಹೊಳೆಯಲ್ಲಿ ನಡೆಸಿದ ಟೀಚರ್

ಕಳೆದ ವರ್ಷ ಏಪ್ರಿಲ್ ಕೊನೆಯ ವಾರ, ತೀರ್ಥಹಳ್ಳಿಯ ಒಂದು ಗೃಹಪ್ರವೇಶದ ಊಟದಲ್ಲಿ ಪಿ.ಟಿ. ಟೀಚರ್ ತಮ್ಮ ಬಾಳೆಲೆಯ ಮೇಲೆ ಎರಡೂ ಅಂಗೈ ಅಡ್ಡ ಹಿಡಿದು ಹೋಳಿಗೆ ತಡೆದರು. ಬಡಿಸುವವನು ಬಿಡಲಿಲ್ಲ. 'ಒಂದೇ ಒಂದು, ಟೀಚರ್ರೇ' ಎಂದ. ಪಕ್ಕದಲ್ಲಿದ್ದ ಅವರ ನಾದಿನಿ, 'ಒತ್ತಾಯ ಮಾಡ್ಬೇಡ ಮಾರಾಯ. ತೂಕ ಇಳಿಸೋಕೆ ಅತ್ತಿಗೆಗೆ ಹೊಟ್ಟೆ ಆಪರೇಷನ್ ಆಗಿದ್ಯಲ್ಲ, ಹಿಡಿಯೋದೇ ಅಷ್ಟು' ಎಂದರು. ಎದುರು ಸಾಲಿನಲ್ಲಿ ನನ್ನ ಅಕ್ಕ ಕೂತಿದ್ದಳು. ಅವಳು ಊಟ ನಿಲ್ಲಿಸಿದಳು.

ಅದುವರೆಗೆ ಊರಿಗೆ ಗೊತ್ತಿದ್ದದ್ದು ಬೇರೆ. ಹೈಸ್ಕೂಲಿನಿಂದ ನಿವೃತ್ತರಾಗುವಾಗ ಟೀಚರ್ ಅಕ್ಕನಷ್ಟೇ ದಪ್ಪಗಿದ್ದರು. ಬಳಿಕ ಕೆಲವು ತಿಂಗಳು ಸಾಗರದ ಮಗಳ ಮನೆಯಲ್ಲಿದ್ದು, ಗುರುತು ಸಿಗದಷ್ಟು ಇಳಿದು ಬಂದರು. ಕೇಳಿದವರಿಗೆಲ್ಲ 'ನೀರಲ್ಲಿ ನಡೆದೆ' ಎಂದರು. ನಾನು ಪತ್ರಿಕೆಯ ತಾಲ್ಲೂಕು ವರದಿಗಾರ. ನನಗೂ ಹಾಗೇ ಹೇಳಿದರು, ಹಾಗೇ ಬರೆದೆ. ಅದನ್ನು ಓದಿ ಅಕ್ಕ, ಅವರು ಊರಲ್ಲಿ ಕಟ್ಟಿದ್ದ ಹೊಳೆ ನಡಿಗೆಯ ಗುಂಪು ಸೇರಿದಳು.

ತುಂಗೆ ತಿಳಿಯಾದ ಮೇಲೆ ಬೆಳಿಗ್ಗೆ ಹೆಂಗಸರು ಸೊಂಟದವರೆಗೆ ನೀರಿಗಿಳಿದು, ಗಟ್ಟಿ ಮರಳಿನ ಮೇಲೆ ನಿಧಾನ ನಡೆಯುತ್ತಿದ್ದರು. ಟೀಚರ್ ಮುಂದೆ. 'ಭಾರ ಹೊಳೆ ಹೊರುತ್ತೆ, ನೀವು ಕಾಲು ಎತ್ತಿದ್ರೆ ಸಾಕು' ಎನ್ನುತ್ತಿದ್ದರು. ಏದುಸಿರು ಬಂದು ಮಾತು ನಿಂತರೆ ನಡಿಗೆಯ ವೇಗ ಜಾಸ್ತಿಯಾಯಿತೆಂದು ಲೆಕ್ಕ. ಹಾಗಾಗಿ ಎಲ್ಲರೂ ಹರಟುತ್ತಲೇ ನಡೆಯಬೇಕು. ದಡದಲ್ಲಿ ಜೀಪು ತೊಳೆಯುತ್ತಿದ್ದವನೊಬ್ಬ, 'ಟೀಚರ್ರೇ, ಎಮ್ಮೆಗಳನ್ನ ಇಷ್ಟ್ ಬೇಗ ನೀರಿಗೆ ಬಿಟ್ರಾ?' ಎಂದ. 'ಹೌದು ಮಾರಾಯ. ಕೋಣ ಒಂದು ದಡದಲ್ಲೇ ನಿಂತಿದೆ ನೋಡು' ಎಂದರು.

ಅಕ್ಕನ ಮಂಡಿನೋವು ಮೊದಲ ಬೇಸಿಗೆಯಲ್ಲೇ ತಗ್ಗಿತು. ತೂಕ ಇಳಿಯಲಿಲ್ಲ. ಅವಳು ರಾತ್ರಿಯೂಟ ಬಿಟ್ಟಳು, ಆಮೇಲೆ ಬೆಳಗಿನ ತಿಂಡಿಯನ್ನೂ. ಒಂದು ದಿನ ನೀರಿನಿಂದ ಮೇಲೆ ಬಂದವಳೇ ತಲೆ ತಿರುಗಿ ಕುಸಿದಳು. 'ನೀವು ಇಳಿದ್ರಿ, ನಂಗೆ ಆಗ್ಲಿಲ್ಲ. ನಂದೇ ಏನೋ ತಪ್ಪಿದೆ' ಎಂದು ಅತ್ತಳು. ಟೀಚರ್ ಅವಳ ತಲೆ ಒರೆಸಿ, ಫ್ಲಾಸ್ಕಿನ ಗಂಜಿ ಕುಡಿಸಿ, 'ತಾಳ್ಮೆ ಇರ್ಲಿ ಕಣೆ' ಎಂದರು. ಬೇರೇನೂ ಹೇಳಲಿಲ್ಲ. ನಾನು ಅಲ್ಲೇ ಇದ್ದೆ.

ಗೃಹಪ್ರವೇಶದ ದಿನ ಕೈ ತೊಳೆಯುವಲ್ಲಿ ಅಕ್ಕ ಅದನ್ನೇ ಕೇಳಿದಳು. 'ಆವತ್ತು ನಾನು ಅಳುವಾಗ್ಲಾದ್ರೂ ಹೇಳ್ಬಹುದಿತ್ತಲ್ಲ ಟೀಚರ್?'

'ಹೇಳಿದ್ರೆ ನೀವ್ಯಾರೂ ನೀರಿಗೆ ಇಳೀತಿರ್ಲಿಲ್ಲ.'

'ಮಂಡಿಗೋಸ್ಕರ ಇಳೀತಿದ್ದೆ. ಊಟ ಬಿಡ್ತಿರ್ಲಿಲ್ಲ.'

ಮರುದಿನ ನಾನು ಅವರ ಮನೆಗೆ ಹೋಗಿ, ವರದಿ ತಿದ್ದಬೇಕು ಎಂದೆ. 'ಬರಿ' ಎಂದರು. 'ನಾನು ಸುಳ್ಳು ಹೇಳ್ದೆ ಅಂತ ಬರಿ. ನಡಿಗೆ ಸುಳ್ಳು ಅಂತ ಮಾತ್ರ ಬರೀಬೇಡ.' ತಿದ್ದುಪಡಿ ಆ ವಾರವೇ ಪ್ರಕಟವಾಯಿತು. ಮಳೆ ಹಿಡಿಯುವ ಮೊದಲೇ ಟೀಚರ್ ಸಾಗರಕ್ಕೆ ಹೋದರು.

ಈ ಬೇಸಿಗೆಯಲ್ಲಿ ಗುಂಪಿನ ಮುಂದೆ ಅಕ್ಕ ನಡೆಯುತ್ತಿದ್ದಾಳೆ. ಹೊಸಬರಿಗೆ ಮೊದಲ ದಿನವೇ, 'ತೂಕ ಇಳಿಯುತ್ತೆ ಅಂತ ನಾನು ಹೇಳಲ್ಲ. ಹೊಟ್ಟೆಗೆ ತಿಂದು ಬನ್ನಿ' ಎನ್ನುತ್ತಾಳೆ. ಯುಗಾದಿಯ ಬೆಳಿಗ್ಗೆ ಟೀಚರ್ ಅವಳಿಗೆ ಫೋನ್ ಮಾಡಿದ್ದರು. ಅವಳು ಎತ್ತಲಿಲ್ಲ.