ಕಂಪ್ಯೂಟರ್ ಲೆಕ್ಕಕ್ಕಿಲ್ಲ

ಹೊಸ ಶತಮಾನ ಶುರುವಾಗಿ ಕೆಲವು ವರ್ಷ ಕಳೆದಿದ್ದವು. ಅರಸೀಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ನಾನು ಹುಡುಗ ಹುಡುಗಿಯರಿಗೆ ಪಾಠ ಹೇಳುತ್ತಿದ್ದೆ. ಹಾರನಹಳ್ಳಿಯಿಂದ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ವಾಪಸ್ಸಾಗುತ್ತಿದ್ದೆ. ಡಿಗ್ರಿ ಮುಗಿಸಿ ಮನೆಯಲ್ಲಿ ಸುಮ್ಮನೆ ಕೂತಿದ್ದವಳಿಗೆ ಆ ಕೆಲಸ ಎಂದರೆ ಪ್ರಾಣವಾಗಿತ್ತು.

ಅರಸೀಕೆರೆಯಲ್ಲೇ ನನ್ನ ಸೋದರತ್ತೆಯ ಮನೆ. ಕೊಬ್ಬರಿ ವ್ಯಾಪಾರದ ಮನೆತನ. ಅತ್ತೆಯ ಒಬ್ಬನೇ ಮಗನಿಗೂ ನನಗೂ ಮದುವೆ ಎಂದು ದೊಡ್ಡವರು ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದರು. ಅಪ್ಪ ಕೇಳಿದ್ದು ಒಂದೇ ಮಾತು. ಮಗಳು ಆಸೆಪಟ್ಟು ಸೇರಿದ ಕೆಲಸ, ಅದನ್ನು ಬಿಡಿಸಬೇಡಿ. "ಬಿಡಿಸೋದ್ಯಾಕೆ ಮಾವ? ಆರಾಮಾಗಿ ಹೋಗ್ಲಿ" ಎಂದು ಭಾವನೇ ಹೇಳಿದ್ದ. ಒಳಗಿನಿಂದ ಕೇಳಿಸಿಕೊಂಡ ನನಗೆ ಅವನ ಮೇಲೆ ಒಂದಿಷ್ಟು ಪ್ರೀತಿಯೂ ಹುಟ್ಟಿತ್ತು.

ಭಾವ ಬೆಂಗಳೂರಿನಿಂದ ಒಂದು ಕನ್ಸೋಲ್ ತಂದಿದ್ದ. ಟಿ.ವಿ.ಗೆ ತಗುಲಿಸಿಕೊಂಡು ಆಟ ಆಡುವ ಕಪ್ಪು ಪೆಟ್ಟಿಗೆ. ಊರಿನಲ್ಲಿ ಅಂಥದ್ದು ಇನ್ನೊಂದಿತ್ತೋ ಇಲ್ಲವೋ, ಇಲ್ಲ ಎಂದೇ ಅವನು ಹೇಳಿಕೊಳ್ಳುತ್ತಿದ್ದ. ಭಾನುವಾರ ಅತ್ತೆ ನನ್ನನ್ನು ಊಟಕ್ಕೆ ಕರೆಯುತ್ತಿದ್ದರು. ಊಟವಾದ ಮೇಲೆ ಅವನು ಆಡುವುದನ್ನು ನೋಡುತ್ತಾ ಕೂರುವುದು ನನ್ನ ಕೆಲಸ. ಖಾರಾಬೂಂದಿ ತಿಂದ ಬೆರಳನ್ನು ನೆಕ್ಕಿ, ಅದೇ ಕೈಯಲ್ಲಿ ರಿಮೋಟು ಒತ್ತುತ್ತಿದ್ದ. ಅದರ ಗುಂಡಿಗಳ ಸಂದಿನಲ್ಲೆಲ್ಲ ಎಣ್ಣೆ ಜಿಡ್ಡು. ಆಡುತ್ತೀಯಾ ಎಂದು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೂ ಅದನ್ನು ಮುಟ್ಟಲು ನನಗೆ ಮನಸ್ಸು ಬರುತ್ತಿರಲಿಲ್ಲ.

ಒಂದು ಭಾನುವಾರ ಹೊಸ ಆಟ ಹಾಕಿದ. ನೀರಿನಲ್ಲಿ ಮುಳುಗಿದ ಊರಿನೊಳಗೆ ಒಬ್ಬ ಈಜುಗಾರ ಇಳಿದು ಹುಡುಕಾಡುವ ಆಟ. ನೋಡಲು ಅವನ ಗೆಳೆಯರಿಬ್ಬರು ಬಂದಿದ್ದರು.

"ಇದು ಎಕ್ಸ್‌ಕ್ಲೂಸಿವ್ ಗುರು. ನನ್ನ ಮೆಷಿನ್ ಬಿಟ್ರೆ ಪ್ರಪಂಚದಲ್ಲಿ ಇನ್ನೆಲ್ಲೂ ಆಡಕ್ಕಾಗಲ್ಲ" ಎಂದ ಭಾವ.

ಆಡುತ್ತಾ ಆಡುತ್ತಾ ಒಂದು ಗಂಟೆಗೋಪುರದ ಬಳಿ ಸಿಕ್ಕಿಹಾಕಿಕೊಂಡ. ಈಜುಗಾರ ಮತ್ತೆ ಮತ್ತೆ ಉಸಿರುಗಟ್ಟಿ ಸಾಯುತ್ತಿದ್ದ. ಗೆಳೆಯರು ಆಕಳಿಸತೊಡಗಿದರು.

"ಮೇಲಕ್ಕೆ ಹೋಗ್ಬೇಡಿ ಭಾವ. ಎಡಗಡೆ ಗೋಡೆ ಒಡೆದಿದೆ ನೋಡಿ, ಅಲ್ಲಿ ನುಗ್ಗಿ" ಎಂದೆ.

ನುಗ್ಗಿದ. ದಾರಿ ಸಿಕ್ಕಿತು. ತಿರುಗಿ ನನ್ನನ್ನು ನೋಡಿ, "ನಿಂಗೆಂಗೆ ಗೊತ್ತು?" ಎಂದ.

"ನಮ್ಮ ಸೆಂಟರ್ ಕಂಪ್ಯೂಟರಲ್ಲಿ ಇದೇ ಆಟ ಇದೆ. ಊಟದ ಬಿಡುವಲ್ಲಿ ಆಡ್ತೀನಿ. ಕೊನೇವರೆಗೂ ಮುಗಿಸಿದೀನಿ."

ಗೆಳೆಯರು ನಕ್ಕರು. ನಕ್ಕಿದ್ದು ಅವನನ್ನು ನೋಡಿ. ಭಾವನ ಕಿವಿ ಕೆಂಪಾಯಿತು. "ಇದೇ ಆಟ ಆಗಿರಕ್ಕೆ ಸಾಧ್ಯಾನೇ ಇಲ್ಲ. ಇನ್ಯಾವ್ದೋ ಡಬ್ಬಾ ಆಟ ನೋಡಿರ್ತೀಯ ಕಣೇ."

ಮಾರನೆಯ ದಿನ ಮಧ್ಯಾಹ್ನ ಅವನೇ ಸೆಂಟರಿಗೆ ಬಂದ. ನಾನು ಆಟ ಹಾಕಿ ತೋರಿಸಿದೆ. ಅದೇ ಈಜುಗಾರ, ಅದೇ ಗೋಪುರ, ಅದೇ ಸಂಗೀತ. ಅವನು ಬಗ್ಗಿ ನೋಡಿದ. ಹೋಗಲಿ ಬಿಡು, ನನಗೆ ಗೊತ್ತಿರಲಿಲ್ಲ ಎಂದು ನಕ್ಕಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನಾನೂ ನಗುತ್ತಿದ್ದೆ. ಕ್ಯಾಂಟೀನಿನಲ್ಲಿ ಕಾಫಿ ಕುಡಿಸಿ ಕಳಿಸುತ್ತಿದ್ದೆ.

"ಎಕ್ಸ್‌ಕ್ಲೂಸಿವ್ ಅಂದ್ರೆ ಬೇರೆ ಕಂಪೆನಿ ಕನ್ಸೋಲ್‌ಗೆ ಬರಲ್ಲ ಅಂತ ಅರ್ಥ. ಕಂಪ್ಯೂಟರ್ ಲೆಕ್ಕಕ್ಕಿಲ್ಲ" ಎಂದ.

ಆ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಎರಡು ಕನ್ಸೋಲ್‌ಗಳಲ್ಲಿ ಯಾವುದನ್ನು ಕೊಳ್ಳಲಿ ಎಂದು ಅಂಗಡಿಯಲ್ಲಿ ನಿಂತವನಿಗೆ ಆ ಅರ್ಥ ಉಪಯೋಗಕ್ಕೆ ಬರುತ್ತದೆ. ಈ ಆಟ ಇದರಲ್ಲಿದೆ, ಅದರಲ್ಲಿಲ್ಲ, ಅಷ್ಟು ತಿಳಿದರೆ ಅವನಿಗೆ ಸಾಕು. ಆದರೆ ಮನೆಯಲ್ಲಿ ಕಂಪ್ಯೂಟರ್ ಇರುವವನಿಗೆ ಅದೇ ಮಾತು ಶುದ್ಧ ಮೋಸ. ಆಟ ಅವನ ಮೇಜಿನ ಮೇಲೆಯೇ ನಡೆಯುವಾಗ ಬೇರೆಲ್ಲೂ ಇಲ್ಲ ಎಂದು ಹೇಳಿ ಅವನ ಕೈಯಲ್ಲಿ ಇನ್ನೊಂದು ಪೆಟ್ಟಿಗೆ ಕೊಳ್ಳಿಸುವುದು. ಇದನ್ನು ಭಾವನಿಗೂ ಹೇಳಿದೆ.

"ನಿನ್ನೆ ನೀವು ಬೇರೆ ಕನ್ಸೋಲ್ ಅನ್ನಲಿಲ್ಲ. ಪ್ರಪಂಚದಲ್ಲಿ ಎಲ್ಲೂ ಇಲ್ಲ ಅಂದ್ರಿ."

"ನಾನು ಹಂಗಂದೇ ಇಲ್ಲ."

"ಅಂದ್ರಿ ಭಾವ. ನಿಮ್ಮ ಫ್ರೆಂಡ್ಸೂ ಕೇಳಿಸ್ಕೊಂಡ್ರು."

"ಕೀಬೋರ್ಡ್ ಕುಟ್ಕೊಂಡು ಆಡೋದೂ ಒಂದು ಆಟಾನೇನೇ? ನೀನು ಮುಗಿಸಿದ್ದೂ ಲೆಕ್ಕಕ್ಕಿಲ್ಲ ಬಿಡು."

ಹೇಳಿ ಹೊರಟುಹೋದ. ನನಗೆ ಸಿಟ್ಟು ಬರಲಿಲ್ಲ. ಅನ್ನದಲ್ಲಿ ಕೂದಲು ಸಿಕ್ಕಿದಂತಾಯಿತು. ಸಿಟ್ಟು ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಇದು ಇಳಿಯಲಿಲ್ಲ. ಅವನು ತಪ್ಪು ಹೇಳಿದ್ದು ನನಗೆ ಏನೂ ಅನ್ನಿಸಿರಲಿಲ್ಲ. ಸೋತ ತಕ್ಷಣ ಮಾತಿನ ಅರ್ಥವನ್ನೇ ಕಿತ್ತು ಬೇರೆ ಕಡೆ ನೆಟ್ಟು, ಮೊದಲಿನಿಂದಲೂ ಅದು ಅಲ್ಲೇ ಇತ್ತು ಎಂದು ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದನಲ್ಲ, ಅದನ್ನು ನುಂಗಲಾಗಲಿಲ್ಲ.

ಮುಂದಿನ ಸಲ ಅವರ ಮನೆಗೆ ಹೋದಾಗ ಅಪ್ಪ ಅಮ್ಮನೂ ಜೊತೆಗಿದ್ದರು. ಮದುವೆಯ ಮಾತು ಗಟ್ಟಿ ಮಾಡಿಕೊಳ್ಳಲು ಕರೆಸಿದ್ದರು. ಜಾವಗಲ್ಲಿನಿಂದ ಅತ್ತೆಯ ಗಂಡನ ಕಡೆಯ ನೆಂಟರೂ ಬಂದಿದ್ದರು. ಭಾವ ಅವರಿಗೆ ಅದೇ ಈಜುಗಾರನ ಆಟ ತೋರಿಸುತ್ತಾ, "ಇದು ಬೇರೆ ಎಲ್ಲೂ ಸಿಗಲ್ಲ" ಎಂದ. ಹೇಳುವಾಗ ನನ್ನ ಕಡೆ ನೋಡಿ ಕಣ್ಣು ಹೊಡೆದ. ಆ ಸುಳ್ಳಿನಲ್ಲಿ ನಾನೂ ಪಾಲುಗಾರ್ತಿ ಎನ್ನುವ ಹಾಗೆ. ನನಗೆ ಮೈಯೆಲ್ಲ ಮುದುಡಿತು.

ಊಟ ಮುಗಿದು ಎಲೆಯಡಿಕೆ ತಟ್ಟೆ ಬಂತು. ಅತ್ತೆ ಅಪ್ಪನಿಗೆ ಹೇಳಿದರು, "ಮದ್ವೆ ಆದ್ಮೇಲೆ ಆ ಸೆಂಟ್ರು ಗಿಂಟ್ರು ಬ್ಯಾಡ ಕಣಪ್ಪ. ಬಸ್ ಸ್ಟ್ಯಾಂಡ್ ಹತ್ರ, ಹುಡುಗ್ರು ಬತ್ತಾರೆ, ಹೋಗ್ತಾರೆ."

ಅಪ್ಪ ತಟ್ಟೆ ಕೆಳಗಿಟ್ಟರು. "ಕೆಲಸ ಬಿಡಿಸಲ್ಲ ಅಂತ ಮಾತಾಗಿತ್ತಲ್ಲಕ್ಕ?"

ಉತ್ತರ ಕೊಟ್ಟವನು ಭಾವ. "ಕೆಲ್ಸ ಅಂದ್ರೆ ಸ್ಕೂಲು, ಬ್ಯಾಂಕು ಅಂತ ಮಾವ ನಾನು ಹೇಳಿದ್ದು. ಕಂಪ್ಯೂಟರ್ ಸೆಂಟ್ರೆಲ್ಲ ಲೆಕ್ಕಕ್ಕಿಲ್ಲ."

ಅವನ ಮುಖ ನೋಡಿದೆ. ಸೆಂಟರಿನಲ್ಲಿ ಬಗ್ಗಿ ನಿಂತಾಗ ಇದ್ದ ಮುಖವೇ. ಚೂರೂ ಅಳುಕಿಲ್ಲ. ಇವನ ಜೊತೆ ಬಾಳುವುದೆಂದರೆ ಹೀಗೇ ಎಂದು ಆಗ ಕಂಡಿತು. ಮುಂದೆ ಅವನು ಆಡುವ ಮಾತುಗಳೂ ಕೇಳಿಸಿದವು. ತವರಿಗೆ ಹೋಗಬಹುದು ಅಂದಿದ್ದೆ, ಆದರೆ ಹಬ್ಬ ಲೆಕ್ಕಕ್ಕಿಲ್ಲ. ನಿನ್ನ ಸಂಬಳ ನಿನ್ನದೇ ಅಂದಿದ್ದೆ, ಆದರೆ ಈ ತಿಂಗಳದ್ದು ಲೆಕ್ಕಕ್ಕಿಲ್ಲ.

"ನಂಗೆ ಈ ಮದುವೆ ಬೇಡ ಅಪ್ಪ" ಎಂದೆ.

ಮನೆ ಅಲ್ಲೋಲಕಲ್ಲೋಲವಾಯಿತು. ಅಮ್ಮ ನನ್ನ ತೋಳು ಚಿವುಟಿದರು. ಅತ್ತೆ ಯಾಕೆ, ಏನಾಯಿತು ಎಂದು ಕೂಗಿದರು. ನಾನು ಬಾಯಿ ತೆರೆಯುವ ಮೊದಲೇ ಭಾವ, "ಅವತ್ತು ಗೇಮ್ ವಿಷ್ಯಕ್ಕೆ ವಾದ ಆಗಿತ್ತು, ಅದಕ್ಕೇ" ಎಂದುಬಿಟ್ಟ. ಎಲ್ಲರೂ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು.

ಹಾರನಹಳ್ಳಿಗೆ ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಮ್ಮ ಕಿಟಕಿ ಕಡೆ ತಿರುಗಿ ಅಳುತ್ತಿದ್ದರು. ಸೀಟು ಸಿಗದೆ ಅಪ್ಪ ನಿಂತಿದ್ದರು. ಊರು ಹತ್ತಿರ ಬಂದಾಗ ಬಗ್ಗಿ ಕೇಳಿದರು, "ಅದೇನಮ್ಮ ಆ ಗೇಮಿನ ಗಲಾಟೆ?"

ನಾನು ನಡೆದದ್ದನ್ನೆಲ್ಲ ಹೇಳಿದೆ. ಕನ್ಸೋಲ್ ಎಂದರೇನು, ಎಕ್ಸ್‌ಕ್ಲೂಸಿವ್ ಎಂದರೇನು ಎಂಬುದನ್ನೂ ಹೇಳಬೇಕಾಯಿತು. ಅಪ್ಪ ಮೇಲಿನ ಕಂಬಿ ಹಿಡಿದುಕೊಂಡು ಕೇಳಿದರು.

"ಆಟ ನಂಗೆ ತಿಳಿಯಾಕಿಲ್ಲ. ಆದ್ರೆ ಕೆಲ್ಸದ ಮಾತು ಅವನು ನನ್ನೆದುರಿಗೇ ಆಡಿದ್ದು. ನಂಗೂ ಗ್ಯಾಪಕ ಐತೆ" ಎಂದರು.

ಕೆಲವು ದಿನ ಬಿಟ್ಟು ಅತ್ತೆ ಹೇಳಿಕಳಿಸಿದರು. ಕೆಲಸಕ್ಕೆ ಹೋಗಲಿ, ಆದರೆ ಮಕ್ಕಳಾಗುವವರೆಗೆ ಮಾತ್ರ ಎಂದು. ಅಪ್ಪ ಬೇಡ ಎಂದು ತಿರುಗಿ ಹೇಳಿಕಳಿಸಿದರು. ಆ ಮನೆಯವರು ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದರು.

ಎರಡು ಮೂರು ವರ್ಷವಾದ ಮೇಲೆ ಬೇಲೂರಿನಲ್ಲಿ ನೆಂಟರ ಮನೆಯ ನಾಮಕರಣದಲ್ಲಿ ಅವನನ್ನು ಕಂಡೆ. ಮದುವೆಯಾಗಿತ್ತು. ಎದುರು ಪಂಕ್ತಿಯಲ್ಲಿ ಕೂತು, ಪಕ್ಕದವರಿಗೆ ನನ್ನನ್ನು ತೋರಿಸಿ, "ಆಟಕ್ಕೋಸ್ಕರ ನನ್ನನ್ನೇ ಬ್ಯಾಡ ಅಂದೋಳು" ಎಂದು ಜೋರಾಗಿ ನಕ್ಕ. ಪಂಕ್ತಿಯೆಲ್ಲ ನಕ್ಕಿತು. ಅವನ ಹೆಂಡತಿ ಬಡಿಸಲು ಪಾಯಸದ ಪಾತ್ರೆ ಹಿಡಿದು ನನ್ನ ಎಲೆಯ ಮುಂದೆ ನಿಂತಿದ್ದಳು. ಅವಳೊಬ್ಬಳು ನಗಲಿಲ್ಲ.

"ನೀವೆಲ್ಲೋ ಕೆಲಸಕ್ಕೆ ಹೋಗ್ತಿದ್ರಂತೆ, ಈಗಲೂ ಹೋಗ್ತೀರಾ?" ಎಂದು ಮೆಲ್ಲಗೆ ಕೇಳಿದಳು.

"ಹೋಗ್ತೀನಿ" ಎಂದೆ. ಅವಳು ಇನ್ನೊಂದು ಸೌಟು ಪಾಯಸ ಹಾಕಿ ಮುಂದಕ್ಕೆ ಹೋದಳು. ನನಗೆ ತಿನ್ನಲಾಗಲಿಲ್ಲ. ಎಲೆ ಮಡಚಿ ಎದ್ದು ಬಂದೆ.