ಕಣಿವೆಯಲ್ಲಿ ಅಳು

ಜಲಪಾತದ ಗೇಟು ಕಾಯುವ ಮುದುಕನನ್ನು ಎಲ್ಲರೂ ಗೇಟ್ ಮಾವ ಎನ್ನುತ್ತಿದ್ದರು. ರಜೆ ಬಂತೆಂದರೆ ಅಲ್ಲಿ ಕಾಲಿಡಲೂ ಜಾಗವಿಲ್ಲ. ಬಾಟಲಿ ಒಡೆಯುವವರು, ಬೇಲಿ ಹಾರಿ ಫೋಟೋ ತೆಗೆಯುವವರು, ಮಕ್ಕಳನ್ನು ಮರೆತು ಕುಣಿಯುವವರು. ಮಾವ ಬುದ್ಧಿ ಹೇಳಿದ್ದೆಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ.

ಒಮ್ಮೆ ದಾರಿಗೆ ಬಂಡೆ ಕುಸಿದು ಗೇಟಿಗೆ ಬೀಗ ಬಿತ್ತು. ಒಂದು ಮಧ್ಯಾಹ್ನ, ನರಪಿಳ್ಳೆಯೂ ಇಲ್ಲದ ಕಣಿವೆಯಿಂದ ಮಗುವಿನ ಅಳು ಕೇಳಿಬಂತು. ಮಾವ ಬೇರು ಹಿಡಿದು ಇಳಿದ. ಅಳು ಹತ್ತಿರವಾಗುತ್ತ ಬಂದು ತಲೆಯ ಮೇಲಿಂದಲೇ ಕೇಳತೊಡಗಿತು. ಕೊಂಬೆಯಲ್ಲಿ ಉದ್ದ ಬಾಲದ ಕರಿ ಹಕ್ಕಿಯೊಂದು ಕೊರಳುಬ್ಬಿಸಿ ಅಳುತ್ತಿತ್ತು. ಆಮೇಲೆ ಹೆಂಗಸಿನಂತೆ ನಕ್ಕಿತು, ಫೋನಿನಂತೆ ರಿಂಗಣಿಸಿತು, ಬಾಟಲಿ ಒಡೆದ ಸದ್ದು ಮಾಡಿತು. ಮತ್ತೆ ಅಳತೊಡಗಿತು.

"ಹಕ್ಕಿ ಅಂತ ಗೊತ್ತಾಯ್ತಲ್ಲ, ಇನ್ನು ಬಿಟ್ಬಿಡಿ," ಎಂದಳು ಸಂಜೆ ಮನೆಯಲ್ಲಿ ಇದನ್ನು ಕೇಳಿದ ಹೆಂಡತಿ.

"ಅಳೋದನ್ನ ಅದು ಯಾವ ಮಗು ಹತ್ರ ಕಲೀತೋ, ಆ ಮಗು ಮೇಲೆ ಬಂತೋ ಇಲ್ವೋ, ಯಾರಿಗ್ಗೊತ್ತು?" ಎಂದ ಮಾವ.

ಗೇಟು ತೆರೆಯಿತು, ಜನ ನುಗ್ಗಿದರು. ಈಗ ಅಳು ಕೇಳಿದಾಗಲೆಲ್ಲ ಅವರು ಮೊಬೈಲ್ ಎತ್ತಿಹಿಡಿದು, "ಅದೇ ಹಕ್ಕಿ ಕಣೋ," ಎಂದು ನಗುತ್ತಾರೆ. ಮಾವ ಮಾತ್ರ ಪ್ರತಿ ಸಲವೂ ಕಣಿವೆಗಿಳಿದು, ಪೊದೆ ಪೊದೆ ಸರಿಸಿ ನೋಡಿ ಬರುತ್ತಾನೆ.