ಹದಕ್ಕೆ ಬಾರದ ನೀರು

ಗದಗಿನ ಆಸ್ಪತ್ರೆಯೊಂದರಲ್ಲಿ ನಾನು ಡಯಾಲಿಸಿಸ್ ಟೆಕ್ನಿಷಿಯನ್. ಕಿಡ್ನಿ ಕೆಟ್ಟವರ ರಕ್ತವನ್ನು ಯಂತ್ರದಲ್ಲಿ ಹಾಯಿಸಿ ಶುದ್ಧ ಮಾಡುವುದು ನನ್ನ ಕೆಲಸ. ಅದಕ್ಕೆ ಬಳಸುವ ನೀರು ಚೊಕ್ಕವಾಗಿದೆಯೇ ಎಂದು ದಿನವೂ ಪರೀಕ್ಷಿಸುವವನು ನಾನೇ. ಹಾಗಾಗಿ ಬೆಟಗೇರಿಯ ಮನೆಯಲ್ಲಿ ಸಮುದ್ರದ ಮೀನು, ಹವಳ ಸಾಕುವ ಗಾಜಿನ ತೊಟ್ಟಿ ಇಡಲು ಹೊರಟಾಗ, ನೀರಿನ ವಿಷಯವನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬವಿತ್ತು.

ಆಸೆ ಹುಟ್ಟಿದ್ದು ಮುರುಡೇಶ್ವರದಲ್ಲಿ. ಮದುವೆಯಾದ ವರ್ಷ ಅಲ್ಲಿಗೆ ಹೋಗಿದ್ದಾಗ ದೋಣಿಯವನೊಬ್ಬ ದ್ವೀಪದ ಬಳಿ ಉಸಿರಾಟದ ಕೊಳವೆಯಿರುವ ಗಾಜಿನ ಮುಖವಾಡ ಹಾಕಿಸಿ ನನ್ನನ್ನು ನೀರಿಗಿಳಿಸಿದ. ಕೆಳಗೆ ಹವಳದ ನಡುವೆ ಮೀನುಗಳು ಓಡಾಡುತ್ತಿದ್ದವು. ನನ್ನ ಉಸಿರಿನ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಇಡೀ ದಿನ ಯಂತ್ರಗಳ ಕಿರುಚಾಟ ಕೇಳುವವನಿಗೆ ಆ ಮೌನ ಮರೆಯಲಾಗಲಿಲ್ಲ.

ಅಪ್ಪ ನೇಯುತ್ತಿದ್ದ ಮಗ್ಗ ಮಾರಿದ ಮೇಲೆ ಖಾಲಿ ಬಿದ್ದಿದ್ದ ಪಡಸಾಲೆಯ ಮೂಲೆಯಲ್ಲಿ ಮೂರಡಿ ತೊಟ್ಟಿ ಕೂಡಿಸಿದೆ. ನಮ್ಮ ಬೋರಿನ ನೀರು ಬಿಂದಿಗೆಯ ತಳಕ್ಕೆ ಬಿಳಿ ಪೊರೆ ಕಟ್ಟುತ್ತದೆ. ಅದನ್ನು ಸೋಸಿ, ಅದಕ್ಕೆಂದೇ ಬರುವ ಸಮುದ್ರದ ಉಪ್ಪು ಬೆರೆಸಿ, ಉಪ್ಪಿನಂಶ ಅಳೆದು ತುಂಬಿಸಿದೆ. ಮರಳು ಹಾಸಿದೆ. ಹುಬ್ಬಳ್ಳಿಯಿಂದ ತಂದ ತೂತುತೂತಾದ ಕಲ್ಲು ಜೋಡಿಸಿದೆ. ಕರೆಂಟು ಹೋದರೂ ನಿಲ್ಲದಿರಲೆಂದು ಪಂಪಿಗೆ ಬ್ಯಾಟರಿ ಕಟ್ಟಿದೆ. ಅಂಗಡಿಯವನು ಒಂದೇ ಮಾತು ಹೇಳಿದ್ದ: "ಒಂದೂವರಿ ತಿಂಗಳತನಕ ಮೀನ ಬಿಡಬ್ಯಾಡ್ರಿ. ಮೀನಿನ ಹೊಲಸು ತಿನ್ನೋ ಕ್ರಿಮಿ ಕಲ್ಲಿನಾಗ ಬೆಳೀಬೇಕು. ಅಲ್ಲೀತನ ಆ ನೀರು ವಿಷಾನ."

ನಾನು ಹನ್ನೆರಡನೆಯ ದಿನಕ್ಕೇ ಬಿಟ್ಟೆ. ಬಿಳಿ ಪಟ್ಟಿಯ ಎರಡು ಕಿತ್ತಳೆ ಮೀನು. ಬಿಡುವ ಮುಂಚೆ ನೀರು ಪರೀಕ್ಷಿಸಿದಾಗ ಬಣ್ಣ ಹಸಿರಿಗೆ ತಿರುಗಿತ್ತು. ಅಂದರೆ ವಿಷದ ಅಮೋನಿಯ ಇನ್ನೂ ಇತ್ತು; ಹಳದಿ ಬಂದರಷ್ಟೇ ನೀರು ಚೊಕ್ಕ. ಆತುರದಲ್ಲಿ ಹಳದಿಯೇ ಎಂದುಕೊಂಡೆ. ಮರುದಿನ ಒಂದು ಮರಳಿನ ಮೇಲೆ ಮಲಗಿತ್ತು. ಸಂಜೆಯೊಳಗೆ ಇನ್ನೊಂದು. ಹೆಂಡತಿ ಎರಡನ್ನೂ ಕರಿಬೇವಿನ ಬುಡದಲ್ಲಿ ಹೂತಳು.

ಆ ಮೀನುಗಳಿಗಾಗಿ ಕಾದವರು ಇನ್ನೊಬ್ಬರಿದ್ದರು. ಹತ್ತಿರದ ಡೋಣಿ ಎಂಬ ಊರಿನಿಂದ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಬರುತ್ತಿದ್ದ ಹಿರಿಯರು. ಬಹಳ ವರ್ಷ ಊರಿನ ನೀರುಗಂಟಿಯಾಗಿದ್ದವರು. ಯಾವ ಓಣಿಗೆ ಯಾವ ದಿನ ನೀರು ಬಿಡಬೇಕು, ಯಾವ ವಾಲ್ವು ತಿರುವಬೇಕು ಎನ್ನುವುದೆಲ್ಲ ಅವರ ಕೈಯಲ್ಲಿತ್ತು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ನಾಲ್ಕು ತಾಸು ಮಲಗಿದಲ್ಲೇ ಅವರು ತೊಟ್ಟಿಯ ಒಂದೊಂದು ಸಂಗತಿಯನ್ನೂ ಕೇಳಿಸಿಕೊಳ್ಳುತ್ತಿದ್ದರು. ತೊಟ್ಟಿಯ ನೀರು ಆವಿಯಾಗಿ ಕಡಿಮೆಯಾದಾಗ ಬರೀ ಸಿಹಿನೀರು ಹಾಕಬೇಕು ಎಂದು ನಾನಂದದ್ದಕ್ಕೆ, "ಬರೋಬ್ಬರಿ. ನೀರ ಹೋಗತೈತಿ, ಉಪ್ಪು ಎಲ್ಲಿ ಹೋಗತೈತಿ?" ಎಂದಿದ್ದರು.

ಮೀನು ಸತ್ತ ಮೂರನೆಯ ದಿನ ಕೇಳಿದರು: "ಸರ, ಹೆಂಗದಾವ್ರಿ ಮೀನ?"

"ಛಲೋ ಅದಾವ, ಕಾಕಾ."

ಯಾಕೆ ಹಾಗಂದೆನೋ. ನಮ್ಮ ವಾರ್ಡಿನಲ್ಲಿ ಎಲ್ಲರಿಗೂ ಹೇಳಿ ಹೇಳಿ ಆ ಮಾತು ನಾಲಿಗೆಯ ತುದಿಯಲ್ಲೇ ಇರುತ್ತದೆ. ಒಮ್ಮೆ ಹೇಳಿದ ಮೇಲೆ ಮೂರು ವಾರ ಹೇಳುತ್ತ ಬಂದೆ. ಆಡುತ್ತವೆ, ತಿನ್ನುತ್ತವೆ ಎಂದೂ ಸೇರಿಸಿದೆ.

ಒಂದು ಭಾನುವಾರ ಬೆಟಗೇರಿಯಲ್ಲಿ ನೆಂಟರ ಮನೆಯ ತೊಟ್ಟಿಲ ಕಾರ್ಯಕ್ಕೆ ಬಂದ ಕಾಕಾ ವಿಳಾಸ ಕೇಳಿಕೊಂಡು ಮನೆಗೇ ಬಂದರು. ಹೆಂಡತಿ ಕುರ್ಚಿ ಹಾಕಿದಳು. ಅವರು ಕೂಡಲಿಲ್ಲ, ಗಾಜಿನ ಹತ್ತಿರ ನಿಂತು ಹುಡುಕತೊಡಗಿದರು.

"ಎಲ್ಲಿ ಅಡಗ್ಯಾವ್ರಿ?"

"ಮೀನಾ? ಸತ್ತು ಮೂರು ವಾರಾತಲ್ರಿ," ಎಂದಳು ಹೆಂಡತಿ, ಪಾಪ, ಏನೂ ತಿಳಿಯದೆ.

ಅವರು ನನ್ನ ಕಡೆ ತಿರುಗಿದರು. ಹೆಂಡತಿ ಚಹಾ ಮಾಡಲು ಒಳಗೆ ಹೋದಳು.

"ಸತ್ತಿದ್ದಕ್ಕ ನಾ ಏನೂ ಅನ್ನಂಗಿಲ್ರಿ ಸರ. ಆದ್ರ ಛಲೋ ಅದಾವ ಅಂದ್ರೆಲ್ಲ? ನನ್ನ ರಿಪೋರ್ಟ್ ಬಂದಾಗೂ ಹಿಂಗ ಛಲೋ ಐತಿ ಅಂತೀರಿ. ಅದನ್ನ ನಾ ಹೆಂಗ ನಂಬ್ಲಿ?"

ನಾನು ಡಾಕ್ಟರಲ್ಲ. ಅವರ ಹೃದಯ ಸೋಲುತ್ತಿದೆ ಎಂದು ಡಾಕ್ಟರು ಅವರ ಅಳಿಯನಿಗೆ ಹೇಳಿದ್ದರು. ಮಾವನಿಗೆ ತಿಳಿಸಬೇಡಿ ಎಂದು ಅಳಿಯ ಎಲ್ಲರಿಗೂ ಕೈಮುಗಿದಿದ್ದ. ಆದರೆ ಆ ಖಾಲಿ ತೊಟ್ಟಿಯ ಮುಂದೆ ಇನ್ನೊಂದು ಸುಳ್ಳು ಹೇಳಲು ನನ್ನಿಂದಾಗಲಿಲ್ಲ.

"ಎದಿಗೆ ತ್ರಾಸ ಐತಿ, ಕಾಕಾ. ನಿಮ್ಮ ಅಳಿಯಗ ಗೊತ್ತೈತಿ. ನಾಳೆ ಡಾಕ್ಟರನ್ನ ನೀವ ಕೇಳ್ರಿ, ಮುಚ್ಚಿಡಬ್ಯಾಡ್ರಿ ಅಂತ."

ಆಗ ಕಾಕಾ ಕುರ್ಚಿಯಲ್ಲಿ ಕುಳಿತರು. "ಹೊಸಾ ನೀರಿನ ಟಾಕಿ ಕಟ್ಟಿದಾಗ ಸಿಮೆಂಟಿನ ವಾಸನಿ ಹೋಗೋತನ, ಎಂಟು ದಿನ, ನೀರ ತುಂಬಿ ತುಂಬಿ ಚೆಲ್ಲತಿದ್ದೆ. ಮಂದಿ ಬೈತಿದ್ರು. ಬೈಲಿ ಅಂತ ಸುಮ್ಮ ಇರತಿದ್ದೆ. ನೀನ್ಯಾಕ ತಡಕೊಳ್ಳಲಿಲ್ಲ, ತಮ್ಮಾ?" ಎಂದರು. ತಂದಿಟ್ಟ ಚಹಾದಲ್ಲಿ ಎರಡೇ ಗುಟುಕು ಕುಡಿದು ಕಪ್ಪು-ಬಸಿ ಸರಿಸಿದರು.

ಮರುದಿನ ಅವರು ಡಾಕ್ಟರನ್ನು ಕೇಳಿದರು, ಡಾಕ್ಟರು ಹೇಳಿದರು. ಅಳಿಯ ನನ್ನನ್ನು ಹೊರಗೆ ಕರೆದು ನಾಲ್ಕು ಮಂದಿಯ ಮುಂದೆ ಬೈದ. ತಪ್ಪಾತು ಎಂದೆ.

ಆಮೇಲೆ ಕಾಕಾ ಒಂದು ಕೆಲಸಕ್ಕೆ ನಿಂತರು. ಊರಿನ ಹಳೆಯ ಪೈಪು, ವಾಲ್ವು ಎಲ್ಲೆಲ್ಲಿ ಹುಗಿದಿವೆ ಎನ್ನುವುದು ಅವರ ತಲೆಯಲ್ಲಷ್ಟೇ ಇತ್ತು. ತಮ್ಮ ಜಾಗಕ್ಕೆ ನೀರುಗಂಟಿಯಾಗಿ ಬಂದ ಹೆಣ್ಣುಮಗಳನ್ನು ಕರೆದುಕೊಂಡು, ಮೈ ಹಗುರಿದ್ದ ದಿನ ಓಣಿ ಓಣಿ ಸುತ್ತಿ, ಒಂದೊಂದರ ಪಕ್ಕದ ಗೋಡೆಗೂ ಗುರುತಿಗೆಂದು ನೀಲಿ ಬಣ್ಣ ಬಳಿಸಿದರು. ಅವರನ್ನು ಬೈಕಿನ ಮೇಲೆ ಕೂರಿಸಿಕೊಂಡು ತಿರುಗಿದವನು ಅದೇ ಅಳಿಯ.

ನಾನು ನೀರನ್ನು ಅದರ ಪಾಡಿಗೆ ಬಿಟ್ಟೆ. ಕಲ್ಲಿನ ಮೇಲೆ ಕಂದು ಪಾಚಿ ಬಂತು, ಹೋಯಿತು. ಎರಡು ವಾರ ಸತತ ಪರೀಕ್ಷೆ ಚೊಕ್ಕ ಬಂದ ಮೇಲೆ, ಸಾಕಿ ಬೆಳೆಸಿದ ಮೆತ್ತನೆಯ ಹವಳದ ಒಂದು ತುಂಡು ಇಟ್ಟೆ. ತಿಂಗಳಾದ ಮೇಲೆ ಒಂದು ಮೀನು. ಕಾಕಾ ತಮ್ಮ ಹೆಂಡತಿಯನ್ನು ಕರೆದುಕೊಂಡು ನೋಡಲು ಬಂದರು. ಹವಳ ಆಗ ಮುದುಡಿಕೊಂಡಿತ್ತು. ಅದು ಅಂಗಿಯ ಗುಂಡಿಯಷ್ಟಗಲದ ಬಾಯಿಗಳನ್ನು ಒಂದೊಂದಾಗಿ ಬಿಚ್ಚುವ ತನಕ ಇಬ್ಬರೂ ಗಾಜಿನ ಮುಂದೆ ಕುಳಿತಿದ್ದರು.

"ಇದು ಜೀವಾನ?" ಎಂದರು ಆಕೆ.

"ಜೀವಾನ," ಎಂದರು ಕಾಕಾ.

ಮಳೆಗಾಲದಲ್ಲಿ, ಡಯಾಲಿಸಿಸ್ ಇಲ್ಲದ ಒಂದು ದಿನ, ಅವರು ಮನೆಯಲ್ಲೇ ತೀರಿಕೊಂಡರು. ನಾನು ಡೋಣಿಗೆ ಹೋದೆ. ಅಳಿಯ ನನ್ನನ್ನು ನೋಡಿದ. ಸರಿದು ಚಾಪೆಯ ಮೇಲೆ ಜಾಗ ಮಾಡಿಕೊಟ್ಟ. ನಾನು ಕುಳಿತೆ. ಕಾಕಾಗೆ ಅವರ ಎದೆಯ ವಿಷಯ ಹೇಳುವ ಅಧಿಕಾರ ನನಗಿತ್ತೇ ಎಂಬುದು ನನಗೆ ಇಂದಿಗೂ ತಿಳಿದಿಲ್ಲ.